ಉಪವಾಸದ ತಾಕು

ಟ್ರ್ಯಾಕ್ಟರ್ ಎರಡು, ವಿಜ್ಞಾನಿಗಳು ಹದಿನಾರು ಮಂದಿ, ಹದ ಒಂದೇ. ಹನ್ನೊಂದು ವರ್ಷ ನಾನು ಮಾಡಿದ ಕೆಲಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

ಕೆಂಪು ಮಣ್ಣಿನ ಹೊಲ ತುಳಿದವರಿಗೆ ಹದ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಳೆ ನಿಂತ ಮಾರನೆಯ ದಿನ ಕಾಲಿಟ್ಟರೆ ಮಣ್ಣು ಪಾದಕ್ಕೆ ಮೆತ್ತಿಕೊಳ್ಳುತ್ತದೆ. ಆಚೆ ದಿನ ಒಂದು ಹಿಡಿ ತೆಗೆದು ಅದುಮಿದರೆ ಉಂಡೆಯಾಗುತ್ತದೆ, ಬೆರಳಲ್ಲಿ ಮೀಟಿದರೆ ಪುಡಿಯಾಗುತ್ತದೆ. ಅದು ಹದ. ಇನ್ನೆರಡು ದಿನ ಬಿಸಿಲು ಕಾದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಕೂರಿಗೆ ಇಳಿಯುವುದೇ ಇಲ್ಲ. ಆ ಎರಡು ದಿನದ ಬೆಳಿಗ್ಗೆ ಏಳೂವರೆಗೆಲ್ಲ ನನ್ನ ಕೋಣೆಯ ಮುಂದೆ ರಾಗಿಯವರು, ತೊಗರಿಯವರು, ಅಲಸಂದೆಯವರು, ಮಣ್ಣಿನವರು, ಬೀಜೋತ್ಪಾದನೆಯವರು. ಒಬ್ಬೊಬ್ಬರದೂ ಒಂದೇ ಮಾತು: "ನಂದೊಂದು ಗಂಟೆ ಕೆಲ್ಸ ಅಷ್ಟೆ, ಮೊದ್ಲು ಮುಗಿಸಿಕೊಟ್ಬಿಡಿ." ನಾನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಆ ಒಂದೊಂದು ಗಂಟೆಗಳನ್ನೆಲ್ಲ ಕೂಡುತ್ತಿದ್ದೆ. ಒಂದು ಸಲ ಒಂದು ಟ್ರ್ಯಾಕ್ಟರಿಗೇ ಹತ್ತೊಂಬತ್ತು ಗಂಟೆ ಬಂತು. ಸೂರ್ಯ ಇರುವುದು ಹನ್ನೆರಡು ಗಂಟೆ, ಡ್ರೈವರುಗಳು ಊಟ ಮಾಡುವುದು ಅದರೊಳಗೇ.

ಕಾಗದದಲ್ಲಿ ನಾನು ಕೃಷಿ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ಪ್ರಾಯೋಜನೆಗಳ ಮತ್ತು ಸೌಲಭ್ಯಗಳ ಸಂಯೋಜಕ. ಆಳುಗಳ ಬಾಯಲ್ಲಿ "ಫಾರಂ ಸಾಹೇಬ್ರು". ಕೇಂದ್ರ ಹಳೇ ಮೈಸೂರು ಕಡೆಯದು, ರಾಗಿ ಸೀಮೆಯದು. ಅದರ ಹೆಸರು ಬೇಡ. ಮುಂದೆ ಹೇಳಲಿರುವ ತಪ್ಪು ನನ್ನದು, ಅದನ್ನು ಒಂದು ಊರಿನ ಹಣೆಗೆ ಅಂಟಿಸಬಾರದು.

ಅತಿಥಿಗಳು ಬಂದಾಗ ಹೇಳುವ ಕಥೆಗಳು ನಮ್ಮಲ್ಲಿ ಸಿದ್ಧವಾಗಿರುತ್ತಿದ್ದವು, ನಾನೂ ಹೇಳಿದ್ದೇನೆ. 1899ರಲ್ಲಿ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟದ್ದು, ಅಲ್ಲಿ ವಿಜ್ಞಾನಿ ಲೆಹ್ಮನ್ ಪ್ರಯೋಗ ಶುರುಮಾಡಿದ್ದು, ಆಮೇಲೆ ಕೆನಡಾದಿಂದ ಬಂದ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದು, 1964ರಲ್ಲಿ ವಿಶ್ವವಿದ್ಯಾಲಯ ಆದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ತಂದದ್ದಂತೂ ತಪ್ಪದೆ ಬರಬೇಕು. ರಾಗಿಯ ಹೂವು ಕಣ್ಣಿಗೆ ಸಿಗದಷ್ಟು ಚಿಕ್ಕದು, ತನ್ನಷ್ಟಕ್ಕೆ ತಾನೇ ಪರಾಗ ತುಂಬಿಕೊಳ್ಳುವಂಥದ್ದು. ಅದನ್ನು ಬೇರೆ ರಾಗಿಗೆ ಕೂಡಿಸುವುದಕ್ಕೆ ಎಂಥ ತಾಳ್ಮೆ ಬೇಕು ಎಂದು ನಾವು ಹೇಳಿದರೆ ಬಂದವರು ತಲೆದೂಗುತ್ತಿದ್ದರು. ನನಗೆ ಮಾತ್ರ ಪ್ರತಿ ಸಲವೂ ಒಂದು ಯೋಚನೆ ಅಡ್ಡ ಬರುತ್ತಿತ್ತು. ಲಕ್ಷ್ಮಣಯ್ಯನವರ ಆ ಬೀಜದ ಚೀಲಗಳಿದ್ದ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿತ್ತು? ಇಲಿ ಬರದ ಹಾಗೆ ನೋಡಿಕೊಂಡವರು ಯಾರು? ಕಥೆಯಲ್ಲಿ ಅವರು ಬರುವುದಿಲ್ಲ. ಬರಬೇಕೆಂದೂ ಇಲ್ಲ, ಇಲಿ ಬಂದಿದ್ದರೆ ಬರುತ್ತಿದ್ದರು.

ದುಡ್ಡಿನ ವಿಚಾರವನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ಸ್ವಾರಸ್ಯ ಕಡಿಮೆ. 1957ರಲ್ಲಿ ಮೆಕ್ಕೆಜೋಳದಿಂದ ಶುರುವಾದ ಅಖಿಲ ಭಾರತ ಸುಸಂಘಟಿತ ಪ್ರಾಯೋಜನೆಗಳು ಒಂದೊಂದು ಬೆಳೆಗೂ ಒಂದೊಂದು ಬಂದಿವೆ. ನೂರಕ್ಕೆ 75 ದಿಲ್ಲಿಯ ಕೃಷಿ ಸಂಶೋಧನಾ ಪರಿಷತ್ತಿನದು, 25 ರಾಜ್ಯದ್ದು. ಲೆಕ್ಕ ಚೆನ್ನಾಗಿದೆ. ಆದರೆ ಮಳೆಗೆ ಜೂನ್, ದುಡ್ಡಿಗೆ ಮಾರ್ಚ್. ಬಿತ್ತುವಾಗ ಕೈ ಖಾಲಿ. ಕಟಾವು ಮುಗಿದು ಕಣ ಗುಡಿಸಿದ ಮೇಲೆ ಕಂತು ಬರುತ್ತದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು, ಬಳಕೆ ಪ್ರಮಾಣಪತ್ರ ಹೋಗಬೇಕು. ಫೆಬ್ರವರಿಯಲ್ಲಿ ಯಾವ ರೈತನೂ ಕೊಳ್ಳದ ಸಾಮಾನನ್ನು ನಾವು ಓಡಾಡಿ ಕೊಳ್ಳುತ್ತಿದ್ದೆವು. ಅಕೌಂಟ್ಸ್ ಶಾಖೆಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ "ಎಷ್ಟು?" ಎಂದು ಯಾರಾದರೂ ಊಹಿಸಿಯಾರು. ಅವರು ಕೇಳುತ್ತಿದ್ದದ್ದು "ಯಾವ ಹೆಡ್‌ನಲ್ಲಿ?" ಎಂದು.

1998ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಕೃಷಿ ತಂತ್ರಜ್ಞಾನ ಯೋಜನೆ ಬಂತು. ಒಮ್ಮೆಗೇ ಕೈತುಂಬ ಪ್ರಾಯೋಜನೆಗಳು. ಪ್ರತಿಯೊಂದರ ಜೊತೆಗೂ ಯಂತ್ರಗಳು, ಕಂಪ್ಯೂಟರುಗಳು, ರಿಸರ್ಚ್ ಫೆಲೋ ಹುಡುಗರು. ನಮ್ಮಲ್ಲಿ ಯಾವ ಸಾಮಾನು ಬಂದರೂ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಮೈಮೇಲೆ ಕೆಂಪು ಬಣ್ಣದಲ್ಲಿ ಪ್ರಾಯೋಜನೆಯ ಹೆಸರಿನ ಮೊದಲಕ್ಷರಗಳನ್ನು ಬರೆಯಬೇಕು. ಓವನ್ನಿಗೆ ಒಬ್ಬ ಅಪ್ಪ, ಫ್ರೀಜರಿಗೆ ಇನ್ನೊಬ್ಬ. ಮೂರು ವರ್ಷಕ್ಕೆ ಪ್ರಾಯೋಜನೆ ಮುಗಿಯುತ್ತದೆ, ಹುಡುಗ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ, ಯಂತ್ರ ಅನಾಥವಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಸತು, ಕಬ್ಬಿಣ ಎಷ್ಟಿದೆಯೆಂದು ಅಳೆಯುವ ಲಕ್ಷಾಂತರ ರೂಪಾಯಿಯ ಯಂತ್ರವೊಂದು ನಮ್ಮಲ್ಲಿ ಎಂಟು ತಿಂಗಳು ಬಟ್ಟೆ ಹೊದ್ದು ಕೂತಿತ್ತು. ಕಾಯಿಲೆ ಏನೂ ಇರಲಿಲ್ಲ. ಅದಕ್ಕೆ ಉರಿ ಕೊಡುವ ಅಸಿಟಿಲಿನ್ ಸಿಲಿಂಡರ್ ಮುಗಿದಿತ್ತು, ಸಿಲಿಂಡರ್ ತುಂಬಿಸಲು ಹೆಡ್ ಇರಲಿಲ್ಲ. ಕೊನೆಗೆ ಬೀಜದ ಪ್ರಾಯೋಜನೆಯವರು ತಮ್ಮ ಬಾಬ್ತಿನಿಂದ ತುಂಬಿಸಿಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರಿಗೆ ಒಂದು ವಾರ ಟ್ರ್ಯಾಕ್ಟರಿನ ಮೊದಲ ಸರದಿ ಕೊಟ್ಟೆ. ಇದು ಯಾವ ನಿಯಮದಲ್ಲೂ ಇಲ್ಲ. ಸಂಯೋಜನೆ ಎಂದು ಸರ್ಕಾರ ಕರೆಯುವುದು ಬಹುಪಾಲು ಇದನ್ನೇ ಎಂದು ನನ್ನ ಅನುಮಾನ.

ಇಷ್ಟೆಲ್ಲ ಗಲಾಟೆಯ ನಡುವೆ ನನ್ನ ಹತ್ತಿರ ಏನೂ ಕೇಳದೆ ಇದ್ದವನು ಹವಾಮಾನ ವೀಕ್ಷಣಾಲಯದ ಹುಡುಗ. ಬೆಳಿಗ್ಗೆ 7 ಗಂಟೆಗೆ, ಮಧ್ಯಾಹ್ನ 2 ಗಂಟೆಗೆ ಅವನು ಅಳತೆ ತೆಗೆಯಬೇಕು. ಆದರೆ ಅವನು ಗೇಟು ತೆಗೆಯುತ್ತಿದ್ದದ್ದು 7 ಗಂಟೆ 20 ನಿಮಿಷಕ್ಕೆ. ಬಂದ ಹೊಸದರಲ್ಲಿ ನಾನು ತಡವಾಯಿತೆಂದು ಗದರಿಸಿದೆ. ಅವನು ಮೆಲ್ಲಗೆ, "ಸಾರ್, ಅದು ಸ್ಥಳೀಯ ಕಾಲ. ನಮ್ಮ ಗಡಿಯಾರ 82 ಡಿಗ್ರಿ 30 ನಿಮಿಷದ ರೇಖಾಂಶದ್ದು, ನಾವಿರೋದು 77 ಚಿಲ್ರೆ. ನಮ್ಮ ಸೂರ್ಯಂಗೆ ಏಳು ಗಂಟೆ ಆಗೋದು ಈಗ" ಎಂದ. ಆಮೇಲೆ ಅವನ ತಂಟೆಗೆ ಹೋಗಲಿಲ್ಲ. ಸಂಜೆ ಬಿಸಿಲುಮಾಪಕದಿಂದ ಅವನು ತೆಗೆಯುತ್ತಿದ್ದ ಕಾಗದದ ಪಟ್ಟಿ ನೋಡುವುದು ನನಗೊಂದು ಖುಷಿ. ಗಾಜಿನ ಗುಂಡು ಬಿಸಿಲನ್ನು ಒಟ್ಟುಮಾಡಿ ಆ ಪಟ್ಟಿಯ ಮೇಲೆ ಕಂದು ಗೆರೆ ಸುಟ್ಟಿರುತ್ತದೆ, ಮೋಡ ಬಂದಲ್ಲಿ ಗೆರೆ ಕಡಿದಿರುತ್ತದೆ. ಇಡೀ ದಿನ ಯಾರು ಏನೇ ಹೇಳಲಿ, ದಿನ ಹೇಗಿತ್ತು ಅನ್ನುವುದು ಅಲ್ಲಿ ಸುಟ್ಟು ಕೂತಿರುತ್ತಿತ್ತು.

ಇನ್ನು ಆ ತಾಕಿನ ವಿಚಾರ.

ಕೇಂದ್ರದ ಪೂರ್ವಕ್ಕೆ, ಹೊಂಗೆ ಸಾಲಿನ ಪಕ್ಕ, ಒಂದು ದೀರ್ಘಾವಧಿ ಪ್ರಯೋಗವಿತ್ತು. ನಾನು ಬರುವ ಮುಂಚೆ ಇಪ್ಪತ್ತು ವರ್ಷದಿಂದ ಪ್ರತಿ ಮುಂಗಾರಿನಲ್ಲೂ ಅಲ್ಲಿ ರಾಗಿ. ಒಂದು ತಾಕಿಗೆ ಪ್ರತಿ ವರ್ಷ ಹೆಕ್ಟೇರಿಗೆ 10 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ. ಇನ್ನೊಂದಕ್ಕೆ ಬರೀ ರಸಗೊಬ್ಬರ. ಮತ್ತೊಂದಕ್ಕೆ ಎರಡೂ. ಒಂದಕ್ಕೆ ಏನೂ ಇಲ್ಲ. ಪುಸ್ತಕದಲ್ಲಿ ಅದರ ಹೆಸರು ಕಂಟ್ರೋಲ್. ನಮ್ಮ ಮೇಸ್ತ್ರಿ ಅದಕ್ಕೆ ಇಟ್ಟಿದ್ದ ಹೆಸರು ಉಪವಾಸದ ತಾಕು.

ಉಪವಾಸದ ತಾಕಿನಲ್ಲಿ ರಾಗಿ ಮಂಡಿಯುದ್ದ ಬರುತ್ತಿರಲಿಲ್ಲ. ಎಲೆ ಹಳದಿಗಟ್ಟಿ, ತೆನೆ ಮಗುವಿನ ಮುಷ್ಟಿಯಷ್ಟಾಗಿ, ಒಂದೊಂದು ಬುಡಕ್ಕೆ ಒಂದೇ ಒಂದು ತೆನೆ. ಬಂದ ರೈತರು ಅದನ್ನು ಕಂಡು ಮೊದಲು ನಗುತ್ತಿದ್ದರು, ಆಮೇಲೆ ಕನಿಕರ ಪಡುತ್ತಿದ್ದರು. ಒಬ್ಬ ಮುದುಕರು "ಅಯ್ಯೋ, ಒಂದು ಮಂಕರಿ ಗೊಬ್ರ ಹಾಕ್ರಪ್ಪ, ಪಾಪ" ಎಂದದ್ದು ನೆನಪಿದೆ. ಪ್ರಯೋಗವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಪ್ರಾಧ್ಯಾಪಕರು ಮಿತಭಾಷಿ, ಆದರೆ ಇದೊಂದು ತಾಕಿನ ಬಳಿ ನಿಂತರೆ ಮಾತು ಬರುತ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಹೊಲದಲ್ಲಿ ಒಂದು ಪಟ್ಟಿ ಇವತ್ತಿಗೂ ಗೊಬ್ಬರ ಕಂಡಿಲ್ಲ, ಕೊಯಮತ್ತೂರಿನ ಶಾಶ್ವತ ಗೊಬ್ಬರ ಪ್ರಯೋಗ 1909ರದ್ದು, ಅವಕ್ಕೆ ಹೋಲಿಸಿದರೆ ನಮ್ಮದು ಕೂಸು ಎನ್ನುತ್ತಿದ್ದರು. ಮಿಕ್ಕ ತಾಕುಗಳ ರಾಗಿ ಎಷ್ಟು ಬಂತು ಎಂದು ಹೇಳಬೇಕಾದರೆ ಏನೂ ಕೊಡದ ತಾಕಿನಲ್ಲಿ ಎಷ್ಟು ಬಂತು ಎನ್ನುವುದು ಗೊತ್ತಿರಬೇಕು. ಬರೀ ರಸಗೊಬ್ಬರ ತಿಂದ ತಾಕು ಮೊದಮೊದಲು ಮೆರೆದು ವರ್ಷ ಕಳೆದಂತೆ ಹುಳಿಯೇರಿ ಸೊರಗಿದ್ದು, ಗೊಬ್ಬರವೂ ರಸಗೊಬ್ಬರವೂ ಸೇರಿದ್ದು ನಿಂತುಕೊಂಡದ್ದು, ಇವೆಲ್ಲ ತಿಳಿದದ್ದು ಈ ಉಪವಾಸಿಯ ಪಕ್ಕದಲ್ಲಿಟ್ಟು ನೋಡಿದ್ದರಿಂದ. ಫಾರಂನಲ್ಲಿ ಅತ್ಯಂತ ಬಡ ಜಾಗವೂ ಅದೇ, ಅತ್ಯಂತ ದುಬಾರಿ ಜಾಗವೂ ಅದೇ.

ಈ ಪ್ರಯೋಗದ ತಾಕುಗಳ ನಾಲ್ಕು ಮೂಲೆಗೂ ಕಲ್ಲು ನೆಟ್ಟಿತ್ತು. ತಾಕಿನ ನಂಬರು ಬರೆದ ತಗಡಿನ ಫಲಕಗಳು ಮಾತ್ರ ತುಕ್ಕು ಹಿಡಿದು ಉದುರಿಹೋಗಿದ್ದವು. ಹೊಸದು ಮಾಡಿಸಬೇಕೆಂದು ಪ್ರಾಧ್ಯಾಪಕರು ಎರಡು ಸಲ ಚೀಟಿ ಕಳಿಸಿದ್ದರು. ಆ ಚೀಟಿಗಳು ನನ್ನ ಮೇಜಿನ ಗಾಜಿನ ಕೆಳಗಿದ್ದವು. ಫಲಕಕ್ಕೆ ಯಾವ ಹೆಡ್? ಹೊಸ ಪ್ರಾಯೋಜನೆಗಳಲ್ಲಿ ಕಂಪ್ಯೂಟರಿಗೆ ದುಡ್ಡಿತ್ತು, ವಿಮಾನದ ಟಿಕೆಟ್ಟಿಗಿತ್ತು, ಹಳೆಯ ಪ್ರಯೋಗದ ತಗಡಿಗೆ ಇರಲಿಲ್ಲ. ನನ್ನ ಸಾದಿಲ್ವಾರು ಖಾತೆಯಿಂದ ಕೊಡಬಹುದಿತ್ತು. ಅದನ್ನು ಜನರೇಟರ್ ಡೀಸೆಲ್ಲಿಗೆಂದು ಹಿಡಿದಿಟ್ಟುಕೊಂಡಿದ್ದೆ.

ಮೇ ತಿಂಗಳ ಕೊನೆ, ರೋಹಿಣಿ ಮಳೆ ಕೂತ ದಿನಗಳು. ಹೊಸ ಪ್ರಾಯೋಜನೆಯೊಂದಕ್ಕೆ ಒಂದನೇ ಬ್ಲಾಕಿನ ಪೂರ್ವದ ಮೂಲೆಯಲ್ಲಿ ಗೊಬ್ಬರ ಬೇಕಿತ್ತು. ಅಂದು ಬೆಳಿಗ್ಗೆ ಒಂಬತ್ತು ಜನ ಮುಂದೆ ನಿಂತಿದ್ದರು, ಫೋನ್ ಹೊಡೆದುಕೊಳ್ಳುತ್ತಿತ್ತು, ನಾನು ನಿಂತುಕೊಂಡೇ ಚೀಟಿ ಬರೆದೆ: ಬ್ಲಾಕ್ 1, ಪೂರ್ವದ ಮೂಲೆ, ಗೊಬ್ಬರ 2 ಟ್ರೇಲರ್. ನಾನು 1 ಬರೆಯುವಾಗ ಮೇಲೊಂದು ಕೊಕ್ಕೆ ಎಳೆಯುವ ಚಾಳಿ ಇಂದಿಗೂ ಹೋಗಿಲ್ಲ. ಕಾಯಂ ಡ್ರೈವರ್ ಮಗಳ ಮದುವೆಗೆಂದು ರಜೆಯಲ್ಲಿದ್ದ. ಬದಲಿಗೆ ಬಂದವನು ನಾಲ್ಕು ದಿನದ ಹೊಸಬ. ಅವನಿಗೆ ಅದು 7. ಏಳನೇ ಬ್ಲಾಕಿನ ಪೂರ್ವದ ಮೂಲೆ ಎಂದರೆ ಉಪವಾಸದ ತಾಕು. ಮಾಗಿ ಉಳುಮೆಯಾಗಿ ಹಸನಾದ ಖಾಲಿ ನೆಲ, ಫಲಕವಿಲ್ಲ. ಅವನು ಟ್ರೇಲರ್ ಹಿಂದಕ್ಕೆ ತಿರುಗಿಸಿ ಎತ್ತಿ ಸುರಿದು, ಎರಡನೆಯದಕ್ಕೆ ಹೊರಟ.

ಮೊದಲು ನೋಡಿದ್ದು ಕಳೆ ತೆಗೆಯಲು ಹೋಗುತ್ತಿದ್ದ ಹೆಣ್ಣಾಳುಗಳು. ಅವರಲ್ಲೊಬ್ಬಾಕೆ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತು ಎರಡನೇ ಲೋಡನ್ನು ತಡೆದಳಂತೆ. ಮೇಸ್ತ್ರಿ ಸೀಟಿ ಊದುತ್ತಲೇ ನನ್ನ ಕೋಣೆಗೆ ಓಡಿಬಂದ. ಸೀಟಿ ಬಾಯಲ್ಲೇ ಇತ್ತು, ಮಾತಾಡಲು ಅದನ್ನು ತೆಗೆಯಬೇಕೆಂದೂ ಹೊಳೆಯದಷ್ಟು ಗಾಬರಿ. ತೆಗೆದ ಮೇಲೆ ಅಂದದ್ದು ಇಷ್ಟು: "ಸಾ, ಉಪಾಸ ಮುರುದ್ಬುಡ್ತು."

ಹೋಗಿ ನೋಡಿದೆ. ಕಪ್ಪನೆಯ ಒಳ್ಳೆ ಗೊಬ್ಬರ, ಕಳಿತು ಹದವಾಗಿದ್ದು, ಬೇರೆ ದಿನವಾಗಿದ್ದರೆ ಮುಟ್ಟಿ ನೋಡಿ ಸಂತೋಷಪಡುತ್ತಿದ್ದೆ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಸನಿಕೆ ತನ್ನಿ ಎಂದೆ. ಮೇಸ್ತ್ರಿ ಬೇಡವೆಂದ. ಸನಿಕೆ ಹಾಕಿದರೆ ಗೊಬ್ಬರದ ಜೊತೆ ಇಪ್ಪತ್ತು ವರ್ಷದ ಮೇಲ್ಮಣ್ಣೂ ಹೋಗುತ್ತದೆ, ಆಗ ಎರಡು ತಪ್ಪಾಗುತ್ತದೆ. ಅವನು ಹೇಳಿದ್ದೇ ಸರಿ. ಮೇಲಿನದನ್ನು ಮಂಕರಿಯಲ್ಲಿ ತುಂಬಿ ಹೊತ್ತರು. ಕೆಳಗಿನ ಒಂದು ಗೇಣನ್ನು ಹನ್ನೆರಡು ಮಂದಿ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಕೈಯಿಂದ ಆಯ್ದರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಕೊನೆಗೆ ಕಣ ಗುಡಿಸುವ ಬರಲಿನಿಂದ ಮೆತ್ತಗೆ ಗುಡಿಸಿದರು. ಕತ್ತಲಾಗುವಾಗ ನಾನು ಜೀಪಿನ ದೀಪ ಹಾಕಿಸಿದೆ. ಒಬ್ಬಾಕೆ, ವಯಸ್ಸಾದವರು, ತಲೆ ಎತ್ತದೆಯೇ ಅಂದರು: "ಸಾಮಿ, ಎಲ್ಲಾರೂ ಗೊಬ್ರ ಹಾಕೋಕೆ ಕೂಲಿ ಕೊಡ್ತಾರೆ. ನೀವು ತಗ್ಯೋಕೂ ಕೊಡ್ತೀರಿ." ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಟಾರ್ಪಾಲು ಹೊದಿಸಿ ಮನೆಗೆ ಹೋದೆ. ರಾತ್ರಿ ಹತ್ತಕ್ಕೆ ಮಳೆ ಬಂತು. ದೊಡ್ಡದೇನಲ್ಲ, ಗಾಳಿ ಮಾತ್ರ ಜೋರು. ಬೆಳಿಗ್ಗೆ ಟಾರ್ಪಾಲು ಹೊಂಗೆ ಸಾಲಿನ ಬುಡದಲ್ಲಿತ್ತು. ಆ ಮೂಲೆಯ ಮಣ್ಣು ಸುತ್ತಲಿನ ಮಣ್ಣಿಗಿಂತ ಒಂದು ಬಣ್ಣ ಕಪ್ಪಾಗಿತ್ತು.

ಪ್ರಾಧ್ಯಾಪಕರು ಹೈದರಾಬಾದಿನ ಸಭೆಗೆ ಹೋಗಿದ್ದರು, ಬರುವುದಕ್ಕೆ ಮೂರು ದಿನವಿತ್ತು. ಮೂರು ದಿನ ದೊಡ್ಡ ಅವಧಿ. ಎರಡು ಬಿಸಿಲು ಬಿದ್ದರೆ ಬಣ್ಣ ಒಂದಾಗುತ್ತದೆ, ಒಂದು ಕುಂಟೆ ಹೊಡೆಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಬದುವಿನ ಮೇಲೆ ಕೂತು ಮೇಸ್ತ್ರಿಯ ಮುಂದೆ ಸುತ್ತಿ ಬಳಸಿ ಅದನ್ನೇ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿ ಮುಗಿಸಿ, ಮಡಿಸಿ ಬಾಯಿಗೆ ಹಾಕಿಕೊಂಡು, "ನಾನೇನ್ ಯೋಳಾಕಿಲ್ಲ ಸಾ. ಹೆಣ್ಣಾಳ್ಗೂ ಯೋಳಿವ್ನಿ. ಆದ್ರೆ ರಾಗಿ ಯೋಳ್ಬುಡ್ತದೆ" ಎಂದ.

ಮುಖ್ಯ ರಸ್ತೆಯ ಎಸ್‌ಟಿಡಿ ಬೂತಿನಿಂದ ಹೈದರಾಬಾದಿನ ಅತಿಥಿಗೃಹಕ್ಕೆ ಫೋನ್ ಮಾಡಿದೆ. ಮೀಟರಿನ ಅಂಕಿ ಓಡುತ್ತಿತ್ತು, ಆಚೆಯಿಂದ ಸದ್ದಿಲ್ಲ. ಲೈನ್ ಹೋಯಿತೇನೋ ಎಂದು "ಸಾರ್?" ಎಂದೆ. "ಇದೀನಿ" ಎಂದರು. ಆಮೇಲೆ, "ಕುಂಟೆ ಹೊಡೆಸಿಲ್ಲ ತಾನೆ?" ಎಂದರು. ಇಲ್ಲವೆಂದೆ. "ಬರೋ ತನಕ ಯಾರೂ ಕಾಲಿಡೋದು ಬೇಡ." ಅಷ್ಟೇ.

ಅವರು ಬಸ್ ಇಳಿದವರು ಮನೆಗೂ ಹೋಗದೆ ಕೈಚೀಲದೊಂದಿಗೆ ಹೊಲಕ್ಕೇ ಬಂದರು. ಬೈಗುಳಕ್ಕೆ ತಯಾರಾಗಿದ್ದೆ. ಅವರು ಟೇಪು ಕೇಳಿದರು. ಕಪ್ಪಾದ ಜಾಗವನ್ನು ಅಳೆದರು, ಸುತ್ತ ಒಂದು ಮೀಟರ್ ಹೆಚ್ಚಿಗೆ ಬಿಟ್ಟು ನಾಲ್ಕು ಗೂಟ ಹೊಡೆಸಿದರು. ಇಷ್ಟು ಜಾಗ ಇನ್ನು ಮೇಲೆ ಇಳುವರಿಯ ಲೆಕ್ಕಕ್ಕಿಲ್ಲ, ಉಳಿದದ್ದರಿಂದ ಮಾತ್ರ ತೂಕ. ಆಮೇಲೆ ಪ್ರಯೋಗದ ರಿಜಿಸ್ಟರ್ ತರಿಸಿ, ಪೆನ್ನು ನನ್ನ ಕೈಗೆ ಕೊಟ್ಟರು. "ನೀವೇ ಬರೀರಿ. ಯಾವತ್ತು, ಎಷ್ಟು, ಯಾರ ಚೀಟಿ, ಎಷ್ಟು ಹೊತ್ತು ಬಿದ್ದಿತ್ತು, ಮಳೆ ಎಷ್ಟು ಬಂತು." ಮಳೆಯ ಅಳತೆಯನ್ನು ವೀಕ್ಷಣಾಲಯದ ಹುಡುಗನಿಂದ ತಂದೆ. ಡ್ರೈವರನ ಹೆಸರು ಬರೆಯಲು ಹೊರಟಾಗ ತಡೆದರು: "ಚೀಟಿ ಯಾರದ್ದು ಅಷ್ಟು ಸಾಕು." ಇಪ್ಪತ್ತು ವರ್ಷದ ಅವರ ಸಣ್ಣ ಅಕ್ಷರಗಳ ಕೆಳಗೆ ನನ್ನ ದಪ್ಪ ಅಕ್ಷರದ ಆರು ಸಾಲು. ಮಾರನೆಯ ವಾರವೇ ಡೀಸೆಲ್ಲಿನ ದುಡ್ಡಿನಿಂದ ತಗಡಿನ ಫಲಕ ಮಾಡಿಸಿದೆ. ಯಾವ ಹೆಡ್ ಎಂದು ಕೇಳಿದವರಿಗೆ ಏನು ಹೇಳಿದೆನೋ ಮರೆತಿದ್ದೇನೆ.

ಜುಲೈನಲ್ಲಿ ಪುನರ್ವಸು ಮಳೆಗೆ ರಾಗಿ ಬಿತ್ತಿದರು. ತಿಂಗಳು ಕಳೆಯುವಷ್ಟರಲ್ಲಿ ಮೇಸ್ತ್ರಿಯ ಮಾತು ನಿಜವಾಯಿತು. ಹಳದಿ ತಾಕಿನ ಮೂಲೆಯಲ್ಲಿ ಹಸಿರು ತೇಪೆ. ತೆನೆ ಬರುವ ಹೊತ್ತಿಗೆ ಅಲ್ಲಿನ ಪೈರು ಮಂಡಿ ಮೀರಿ, ಬುಡಕ್ಕೆ ಮೂರು ತೆನೆ ಹೊಡೆದು ನಿಂತಿತ್ತು. ರಸ್ತೆಯಿಂದಲೇ ಕಾಣುತ್ತಿತ್ತು. ಮೇಲ್ವಿಚಾರಣಾ ತಂಡದವರು ಬಂದಾಗ ಅವರಲ್ಲೊಬ್ಬರು ದೂರದಿಂದಲೇ "ಅದೇನು?" ಎಂದು ಕೈ ಮಾಡಿದರು. ಪ್ರಾಧ್ಯಾಪಕರು ರಿಜಿಸ್ಟರಿನ ಆ ಪುಟ ತೆರೆದು ಅವರ ಕೈಗಿಟ್ಟರು. ಅವರು ಓದಿ, ನನ್ನ ಕಡೆ ಒಮ್ಮೆ ನೋಡಿ, ಹಿಂದಕ್ಕೆ ಕೊಟ್ಟರು. ಪ್ರಾಧ್ಯಾಪಕರು ಆ ಗೂಟಗಳ ನಡುವಿನಿಂದ ಪ್ರತಿ ವರ್ಷ ಬೇರೆಯಾಗಿ ಮಣ್ಣು ತೆಗೆದು ಸಾವಯವ ಇಂಗಾಲ ನೋಡುವುದನ್ನೂ ಶುರುಮಾಡಿದ್ದರು. ಎರಡನೇ ವರ್ಷ ತೇಪೆ ತೆಳುವಾಯಿತು. ಮೂರನೇ ವರ್ಷ ಹುಡುಕಿದರೆ ಸಿಗುವಷ್ಟು. ಆಳುಗಳು ಮಾತ್ರ ಆ ಜಾಗವನ್ನು ಸಾಹೇಬ್ರ ಮೂಲೆ ಎಂದೇ ಕರೆಯುತ್ತಿದ್ದರು, ನನ್ನೆದುರಿಗೇ, ಒಂದು ಚೂರೂ ಕೊಂಕಿಲ್ಲದೆ. "ಸಾಹೇಬ್ರ ಮೂಲೆ ಬುಟ್ಟು ಮಿಕ್ಕಿದ್ದು ಕುಯ್ರವ್ವ" ಎಂದು ಮೇಸ್ತ್ರಿ ಕೂಗುತ್ತಿದ್ದ.

ನನಗೆ ವರ್ಗವಾಯಿತು. ಪ್ರಾಧ್ಯಾಪಕರು ನಿವೃತ್ತರಾದರು, ಮೇಸ್ತ್ರಿಯೂ. ಎಷ್ಟೋ ವರ್ಷದ ಮೇಲೆ ಕ್ಷೇತ್ರೋತ್ಸವವೊಂದಕ್ಕೆ ಹೋಗಿದ್ದಾಗ ರೈತರ ಗುಂಪಿನ ಹಿಂದೆ ನಡೆದುಕೊಂಡು ಅಲ್ಲಿಗೂ ಹೋದೆ. ಹೊಂಗೆ ಮರಗಳು ದಪ್ಪಗಾಗಿದ್ದವು. ಉಪವಾಸದ ತಾಕು ಉಪವಾಸವೇ ಇತ್ತು. ತಗಡಿನ ಫಲಕ ಹೋಗಿ ಗ್ರಾನೈಟ್ ಫಲಕ ಬಂದಿತ್ತು. ಚುರುಕಾದ ಹುಡುಗಿಯೊಬ್ಬಳು, ಸಂಶೋಧನಾ ವಿದ್ಯಾರ್ಥಿನಿ, ಮೈಕ್ ಹಿಡಿದು ಒಂದೊಂದು ತಾಕನ್ನೂ ವಿವರಿಸುತ್ತಿದ್ದಳು. ಮೂಲೆಯ ನಾಲ್ಕು ಗೂಟ ಕಂಡು ರೈತರೊಬ್ಬರು ಅದೇನೆಂದು ಕೇಳಿದರು.

"ಅದು ಲೆಕ್ಕಕ್ಕಿಲ್ಲ, ಹಿಂದೆ ಯಾವಾಗ್ಲೋ ಗೊಬ್ಬರ ಬಿದ್ದಿತ್ತಂತೆ. ಸಾಹೇಬ್ರ ಮೂಲೆ ಅಂತಾರೆ" ಎಂದಳು.

"ಯಾವ ಸಾಹೇಬ್ರಮ್ಮ?" ಎಂದು ನಾನು ಹಿಂದಿನಿಂದ ಕೇಳಿದೆ.

"ಗೊತ್ತಿಲ್ಲ ಸಾರ್. ರಿಜಿಸ್ಟರ್ ನೋಡ್ಬೇಕು" ಎಂದು ಮುಂದಿನ ತಾಕಿಗೆ ನಡೆದಳು.